ಮಕ್ಕಳ ಕೈಗೆ ಕೀಲಿ ಕೊಡುವ ಮುನ್ನ

ಮುಂಗಾರು ಹಿಂದೆ ಸರಿದು ಗುಡ್ಡಗಳ ಹುಲ್ಲು ಇನ್ನೂ ಹಸಿರಾಗಿರುವಾಗಲೇ ಚಂದ್ರದ್ರೋಣ ಪರ್ವತದ ಕಡೆಗೆ ಮೋಟಾರ್‌ಸೈಕಲ್‌ಗಳ ಮೆರವಣಿಗೆ ಆರಂಭವಾಗುತ್ತದೆ. ಕೆಲವು ವರ್ಷಗಳ ಹಿಂದಿನವರೆಗೆ ಈ ಮೆರವಣಿಗೆಯಲ್ಲಿ ಹೆಚ್ಚಾಗಿ ಕಾಣುತ್ತಿದ್ದವರು ಇಪ್ಪತ್ತು ಮೂವತ್ತರ ಹರೆಯದವರು. ಈಚೆಗೆ ಅವರ ನಡುವೆ ಅಪ್ಪ-ಮಕ್ಕಳ ಜೋಡಿಗಳೂ ಕಾಣಿಸುತ್ತಿವೆ. ನಲವತ್ತು ದಾಟಿದ ತಂದೆ, ಅವನ ಬೆನ್ನ ಹಿಂದೆ ಹದಿನಾಲ್ಕರ ಮಗಳು. ಪಕ್ಕದಲ್ಲಿ ಇನ್ನೊಂದು ಬೈಕಿನ ಮೇಲೆ ತಾನೇ ಹಿಡಿಕೆ ಹಿಡಿದ ಹದಿನಾರರ ಮಗ. ಟಾರು ರಸ್ತೆ ಮುಗಿಯುವಲ್ಲಿ ಅವರ ಪ್ರಯಾಣ ಮುಗಿಯುವುದಿಲ್ಲ. ಅಲ್ಲಿಂದ ಮುಂದೆ ಹುಲ್ಲುಗಾವಲಿನ ಬೆನ್ನೇರುವುದೇ ಆ ದಿನದ ಮುಖ್ಯ ಕಾರ್ಯಕ್ರಮ.

ಇದನ್ನು ಪ್ರಶ್ನಿಸಿದರೆ ಪಾಲಕರಿಂದ ಬರುವ ಉತ್ತರ ಸಿದ್ಧವಾಗಿದೆ: ಮಕ್ಕಳನ್ನು ಮೊಬೈಲಿನ ಪರದೆಯಿಂದ ಬಿಡಿಸಿ ಪ್ರಕೃತಿಯ ಬಳಿಗೆ ಕರೆತಂದಿದ್ದೇವೆ, ಧೈರ್ಯ ಕಲಿಸುತ್ತಿದ್ದೇವೆ, ನಮ್ಮ ಪ್ರೀತಿಯ ಹವ್ಯಾಸವನ್ನು ಅವರಿಗೆ ದಾಟಿಸುತ್ತಿದ್ದೇವೆ. ಈ ಉತ್ತರವನ್ನು ಗೇಲಿ ಮಾಡಿ ತಳ್ಳಿಹಾಕುವುದು ಸುಲಭ. ಪರಿಸರದ ಬಗ್ಗೆ ಮಾತನಾಡುವವರು ಹಲವು ಬಾರಿ ಹಾಗೆ ಮಾಡಿಯೂ ಇದ್ದಾರೆ. ಆದರೆ ಆ ಉತ್ತರದ ಒಳಗೊಂದು ಸತ್ಯವಿದೆ. ಹದಿಹರೆಯದ ಮಗುವಿನೊಂದಿಗೆ ಒಂದಿಡೀ ದಿನ ಕಳೆಯುವ ತಂದೆತಾಯಿಗಳು ಇಂದು ವಿರಳ. ಅಂಥವರನ್ನು ವೈರಿಗಳ ಸಾಲಿಗೆ ಸೇರಿಸುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಅವರನ್ನು ಕೇಳಬೇಕಾದ ಪ್ರಶ್ನೆ ಬೇರೆ. ಕೀಲಿಯ ಜೊತೆಗೆ ಮಗುವಿನ ಕೈಗೆ ಇನ್ನೇನನ್ನು ಕೊಡಲಾಗುತ್ತಿದೆ?

ಹಳೆಯ ಪ್ರೀತಿ

ಮೋಟಾರ್‌ಸೈಕಲ್ಲಿನ ಮೇಲಿನ ಪ್ರೀತಿ ಕನ್ನಡ ನಾಡಿಗೆ ಹೊಸದಲ್ಲ. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ ಬೈಕುಗಳು ಹೊರಬರತೊಡಗಿದವು; ಅನಂತರ ಅವೇ ಯೆಜ್ಡಿ ಎಂಬ ಹೆಸರು ಪಡೆದವು. 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ, ಅದರ ನಂತರವೂ ಬಹುಕಾಲ, ಮಲೆನಾಡಿನ ತೋಟದ ಮನೆಗಳ ಅಂಗಳದಲ್ಲಿ ಯೆಜ್ಡಿ, ರಾಜದೂತ್, ಬುಲೆಟ್‌ಗಳು ಮನೆಯ ಸದಸ್ಯರಂತೆ ನಿಂತಿದ್ದವು. ಅಡಿಕೆ ಮೂಟೆ ಹೊತ್ತದ್ದು, ಬಾಣಂತಿಯನ್ನು ಆಸ್ಪತ್ರೆಗೆ ಸಾಗಿಸಿದ್ದು, ಮಳೆಗಾಲದಲ್ಲಿ ಕೆಸರಿನಲ್ಲಿ ಹೂತು ಊರವರಿಂದ ಎತ್ತಿಸಿಕೊಂಡದ್ದು ಇವೇ ಗಾಡಿಗಳು. ಯೆಜ್ಡಿಯ ಕಿಕ್ ಸನ್ನೆಯನ್ನೇ ಮಡಚಿ ಗೇರಿನ ಸನ್ನೆಯಾಗಿ ಬಳಸುವ ಚಮತ್ಕಾರವನ್ನು ತಂದೆ ಮಗನಿಗೆ ತೋರಿಸಿಕೊಡುತ್ತಿದ್ದ. ಸ್ಪಾರ್ಕ್ ಪ್ಲಗ್ ಬಿಚ್ಚಿ ಮಸಿ ಒರೆಸುವುದು, ಚೈನಿಗೆ ಎಣ್ಣೆ ಹಾಕುವುದು, ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತದಿಂದಲೇ ಗಾಡಿಯನ್ನು ನಿಯಂತ್ರಿಸುವುದು ಹೀಗೆಯೇ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹರಿದುಬಂದವು.

ತಂದೆ-ಮಕ್ಕಳ ಮೋಟಾರ್‌ಸೈಕಲ್ ಪ್ರಯಾಣವೆಂದರೆ ಜಗತ್ತಿನ ಓದುಗರಿಗೆ ನೆನಪಾಗುವುದು ಅಮೆರಿಕದ ರಾಬರ್ಟ್ ಪಿರ್ಸಿಗ್. 1968ರಲ್ಲಿ ಅವರು ಹನ್ನೊಂದು ವರ್ಷದ ಮಗನನ್ನು ಹೋಂಡಾ ಬೈಕಿನ ಹಿಂಬದಿಯಲ್ಲಿ ಕೂರಿಸಿಕೊಂಡು ಮಿನ್ನೆಸೋಟದಿಂದ ಕ್ಯಾಲಿಫೋರ್ನಿಯಾದವರೆಗೆ ಹೋದರು. ಆ ಪ್ರಯಾಣದಿಂದ ಹುಟ್ಟಿ 1974ರಲ್ಲಿ ಪ್ರಕಟವಾದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ ಎಂಬ ಕೃತಿಯಲ್ಲಿ ವೇಗದ ವೈಭವೀಕರಣವಿಲ್ಲ. ಅಲ್ಲಿರುವುದು ಯಂತ್ರದ ಆರೈಕೆ, ಹೆದ್ದಾರಿ ಬಿಟ್ಟು ಸಣ್ಣ ರಸ್ತೆಗಳಲ್ಲಿ ಸಾಗುವ ತಾಳ್ಮೆ ಮತ್ತು ಹಿಂದೆ ಕುಳಿತ ಹುಡುಗನಿಗೆ ದಾರಿಯ ಬದಲು ಅಪ್ಪನ ಬೆನ್ನೇ ಕಾಣುತ್ತದೆಂಬ ನೋವಿನ ಅರಿವು. ಹಿಂಬದಿಯ ಮಗು ತಂದೆಯ ಬೆನ್ನನ್ನೇ ಓದುತ್ತದೆ. ಆ ಬೆನ್ನು ಎಲ್ಲಿ ಬಾಗಿತು, ಎಲ್ಲಿ ನಿಂತಿತು, ಎಲ್ಲಿ ನಿಲ್ಲದೆ ನುಗ್ಗಿತು ಎಂಬುದೇ ಅದಕ್ಕೆ ಪಾಠ.

ಆದ್ದರಿಂದ ಮೋಟಾರ್‌ಸೈಕಲ್ಲೇ ಪಾಪದ ವಸ್ತು ಎಂಬ ವಾದಕ್ಕೆ ಇಲ್ಲಿ ಬೆಂಬಲವಿಲ್ಲ. ದಿನಕ್ಕೆ ಎರಡು ಬಸ್ಸೂ ಬಾರದ ಹಳ್ಳಿಗಳಲ್ಲಿ ಬದುಕುವವರು ಹಾಗೆ ವಾದಿಸುವುದು ಆತ್ಮವಂಚನೆಯಾದೀತು. ಬದಲಾಗಿರುವುದು ಆ ಪ್ರೀತಿಯ ದಿಕ್ಕು.

ರಸ್ತೆ ಬಿಟ್ಟ ಗಾಲಿ

2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೊ ಎಕ್ಸ್‌ಪಲ್ಸ್ 200 ಮಾರುಕಟ್ಟೆಗೆ ಬಂದ ಮೇಲೆ, ಕಚ್ಚಾ ದಾರಿಗೆಂದೇ ರೂಪಿಸಿದ ಬೈಕುಗಳು ಮಧ್ಯಮ ವರ್ಗದ ಕೈಗೆಟಕಿದವು. ಯಂತ್ರ ತನ್ನಷ್ಟಕ್ಕೆ ಯಾರಿಗೂ ಕೇಡು ಬಗೆಯುವುದಿಲ್ಲ. ಹಾಳಾದ ಮಲೆನಾಡಿನ ರಸ್ತೆಗಳಿಗೆ ಇಂಥ ಗಾಡಿ ಉಪಯುಕ್ತವೂ ಹೌದು. ಆದರೆ ಇದರ ಜೊತೆಗೇ ‘ಸಾಹಸ’ ಎಂಬ ಪದದ ಅರ್ಥ ಜಾರಿತು. ದಾರಿ ಇಲ್ಲದಲ್ಲಿ ಗಾಡಿ ನುಗ್ಗಿಸುವುದೇ ಸಾಹಸ, ಗುಡ್ಡದ ನೆತ್ತಿಯವರೆಗೆ ನೇರ ಗೆರೆ ಎಳೆಯುವುದೇ ಗೆಲುವು ಎಂಬ ಭಾವ ಜಾಹೀರಾತುಗಳಿಂದ ಮನೆಯ ಮಾತಿಗೆ ಇಳಿದುಬಂತು. ತಂದೆಯಿಂದ ಮಗುವಿಗೆ ದಾಟುತ್ತಿರುವುದು ಈ ಅರ್ಥವೇ.

ಆ ನೇರ ಗೆರೆಯ ಕೆಳಗೆ ಏನಾಗುತ್ತದೆ ಎಂಬುದನ್ನು ರೈತರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಇಳಿಜಾರಿಗೆ ಅಡ್ಡಲಾಗಿ ಉಳಬೇಕು, ಇಳಿಜಾರಿನುದ್ದಕ್ಕೂ ಉತ್ತರೆ ಮೊದಲ ಮಳೆಗೇ ಹೊಲ ಹೊಳೆ ಸೇರುತ್ತದೆ ಎಂಬುದು ಮಣ್ಣು ಸಂರಕ್ಷಣೆಯ ಮೊದಲ ಪಾಠ. ಗುಡ್ಡವನ್ನು ನೆಟ್ಟಗೆ ಏರುವ ಬೈಕು ಮಾಡುವುದು ಇಳಿಜಾರಿನುದ್ದದ ಉಳುಮೆಯನ್ನೇ. ಈ ವರ್ಗದ ಗಾಡಿಗಳು ಸವಾರನ ಭಾರ ಸೇರಿ 220ರಿಂದ 270 ಕಿಲೋಗ್ರಾಂವರೆಗೆ ತೂಗುತ್ತವೆ. ಅಷ್ಟೂ ಭಾರ ಅಂಗೈಯಗಲದ ಎರಡು ಜಾಗಗಳ ಮೇಲೆ ಬೀಳುತ್ತದೆ. ಏರಿನಲ್ಲಿ ಹಿಂದಿನ ಗಾಲಿ ಜಾರಿ ತಿರುಗಿದಾಗ ಅದರ ಗಟ್ಟಿ ಹಲ್ಲುಗಳು ಹುಲ್ಲಿನ ಬೇರಿನ ಹೆಣಿಗೆಯನ್ನು ಹರಿದುಹಾಕುತ್ತವೆ. ಮಣ್ಣು ಹೆಚ್ಚು ಅದುಮಿಕೊಳ್ಳುವುದು ತೇವವಿದ್ದಾಗ. ಗುಡ್ಡ ಹಸಿರಾಗಿ, ಚಿತ್ರಕ್ಕೆ ಚಂದವಾಗಿ ಕಾಣುವ ಮಳೆಗಾಲ ಮತ್ತು ಅದರ ಬೆನ್ನಿನ ತಿಂಗಳುಗಳೇ ಮಣ್ಣು ಅತ್ಯಂತ ದುರ್ಬಲವಾಗಿರುವ ಕಾಲ. ಅದುಮಿದ ಮಣ್ಣು ನೀರು ಕುಡಿಯುವುದಿಲ್ಲ. ಗಾಲಿಯ ಜಾಡು ಮುಂದಿನ ಮುಂಗಾರಿನಲ್ಲಿ ಕಾಲುವೆಯಾಗುತ್ತದೆ, ಕಾಲುವೆ ಕೊರಕಲಾಗುತ್ತದೆ. ಜಾಡು ಹಾಳಾಯಿತೆಂದು ಮುಂದಿನ ಸವಾರ ಪಕ್ಕದಲ್ಲಿ ಹೊಸ ಜಾಡು ಮಾಡುತ್ತಾನೆ. ಹೀಗೆ ಒಂದು ಗೆರೆ ಹತ್ತಾಗುತ್ತದೆ.

ಶೋಲಾ ಕಾಡು ಮತ್ತು ಹುಲ್ಲುಗಾವಲುಗಳು ಕೂಡಿಯೇ ಮಲೆನಾಡಿನ ನೀರಿನ ಖಜಾನೆ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಗಂಗಾಮೂಲವಿರುವುದು ಇಂಥ ಬೆಟ್ಟಸಾಲಿನಲ್ಲೇ. ಸಾವಯವ ಅಂಶ ತುಂಬಿದ ಕಪ್ಪು ಮಣ್ಣು ನಾಲ್ಕು ತಿಂಗಳ ಮಳೆಯನ್ನು ಹೀರಿಕೊಂಡು ಎಂಟು ತಿಂಗಳು ಬಸಿಯುವುದರಿಂದಲೇ ಬೇಸಿಗೆಯಲ್ಲೂ ಹಳ್ಳಗಳಲ್ಲಿ ನೀರಿರುತ್ತದೆ. ಬಯಲು ಸೀಮೆಯಿಂದ ಬಂದವರಿಗೆ ಹುಲ್ಲುಗುಡ್ಡ ಖಾಲಿ ಜಾಗದಂತೆ ಕಾಣುವುದು ದೊಡ್ಡ ತಪ್ಪುಗ್ರಹಿಕೆ. ಅಲ್ಲಿ ನೆಲದ ಮೇಲೆ ಗೂಡು ಕಟ್ಟುವ ನೆಲಗುಬ್ಬಿಯಂಥ ಹಕ್ಕಿಗಳಿವೆ, ಕಡವೆ, ಕಾಟಿಗಳ ಮೇವಿದೆ. ಹನ್ನೆರಡು ವರ್ಷ ಬೆಳೆದು ಒಮ್ಮೆ ಮಾತ್ರ ಹೂ ಬಿಟ್ಟು, ಬೀಜ ಉದುರಿಸಿ ಸಾಯುವ ನೀಲಕುರಿಂಜಿ ಇದೆ. ಹದಿನೈದರ ಮಗು ತನ್ನ ಇಡೀ ಆಯುಷ್ಯದಲ್ಲಿ ಅದರ ಒಂದೋ ಎರಡೋ ಹೂಬಿಡುವಿಕೆಗೆ ಸಾಕ್ಷಿಯಾಗಿರಬಹುದು. ಹತ್ತನೆಯ ವರ್ಷದಲ್ಲಿ ಗಾಲಿಗೆ ಸಿಕ್ಕ ಗಿಡಕ್ಕೆ ಎರಡನೆಯ ಅವಕಾಶವಿಲ್ಲ. ಅದು ಬೀಜ ಬಿಡದೆಯೇ ಹೋಗುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಸಾಗಾಣಿಕೆಯೂ ಇದೆ. ಗಾಲಿಗೆ ಮೆತ್ತಿದ ಕೆಸರಿನಲ್ಲಿ ಪಾರ್ಥೇನಿಯಂ, ಕಮ್ಯುನಿಸ್ಟ್ ಗಿಡ ಮೊದಲಾದ ಕಳೆಗಳ ಬೀಜ ಗುಡ್ಡದಿಂದ ಗುಡ್ಡಕ್ಕೆ ಹೋಗುತ್ತದೆ. ಕಾಳುಮೆಣಸಿನ ಬಳ್ಳಿಯನ್ನು ವಾರಗಳಲ್ಲಿ ಬೋಳಾಗಿಸುವ ಶೀಘ್ರ ಸೊರಗು ರೋಗದ ಫೈಟಾಫ್ತೊರಾ ಸೂಕ್ಷ್ಮಜೀವಿ ಮಣ್ಣಿನಲ್ಲಿ ಬದುಕುವಂಥದು; ಮಣ್ಣು ಹೋದಲ್ಲಿಗೆ ಅದೂ ಹೋಗುತ್ತದೆ. ಇದೇ ಕುಲದ ಇನ್ನೊಂದು ಜೀವಿಯಿಂದ ಜಾರಾ ಕಾಡುಗಳು ಒಣಗತೊಡಗಿದಾಗ ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರ ರೋಗಭೀತಿಯ ಪ್ರದೇಶಗಳನ್ನು ಗುರುತಿಸಿ ವಾಹನ ಸಂಚಾರಕ್ಕೆ ನಿರ್ಬಂಧ ಹಾಕಿತು, ಗಾಲಿ ಮತ್ತು ಬೂಟುಗಳನ್ನು ತೊಳೆದು ಒಳಬರುವ ಕ್ರಮ ತಂದಿತು. ಮೆಣಸು, ಕಾಫಿ, ಏಲಕ್ಕಿಗಳನ್ನೇ ನಂಬಿದ ಮಲೆನಾಡಿನಲ್ಲಿ ಈ ಬಗ್ಗೆ ಚರ್ಚೆಯೇ ಆಗದಿರುವುದು ಆಶ್ಚರ್ಯ. ಒಂದು ತೋಟದ ಕೆಸರಿನೊಂದಿಗೆ ಇನ್ನೊಂದು ತೋಟಕ್ಕೆ ನುಗ್ಗುವ ಬೈಕಿಗೆ ಬೇಲಿ ತೆಗೆಯುವ ಬೆಳೆಗಾರರೂ ಇದನ್ನು ಯೋಚಿಸಬೇಕು.

ಕಾನೂನು ಮತ್ತು ಮನೆಯ ಕಾನೂನು

ಮೋಟಾರು ವಾಹನ ಕಾಯಿದೆ, 1988ರ 4ನೇ ಕಲಮಿನ ಪ್ರಕಾರ 18 ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಚಲಾಯಿಸುವಂತಿಲ್ಲ. 16 ತುಂಬಿದವರಿಗೆ ಇರುವ ವಿನಾಯಿತಿ 50 ಸಿಸಿ ಮೀರದ ಮೋಟಾರ್‌ಸೈಕಲ್ಲಿಗೆ ಮಾತ್ರ. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮು, ಅಪ್ರಾಪ್ತರು ಅಪರಾಧವೆಸಗಿದಾಗ ಪಾಲಕರನ್ನು ಅಥವಾ ವಾಹನದ ಮಾಲೀಕರನ್ನೇ ಹೊಣೆಯಾಗಿಸುತ್ತದೆ: ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ನೋಂದಣಿ ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗದು. ಹದಿನಾರರ ಮಗನಿಗೆ ದೊಡ್ಡ ಬೈಕು ಕೊಟ್ಟು ಹುರಿದುಂಬಿಸುವ ತಂದೆ, ಆ ಮಗನ ಮುಂದಿನ ಒಂಬತ್ತು ವರ್ಷಗಳ ಸವಾರಿಯನ್ನೇ ಪಣಕ್ಕಿಡುತ್ತಿದ್ದಾನೆ.

ಪಣಕ್ಕಿಟ್ಟದ್ದು ಪರವಾನಗಿಯಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಘಟ್ಟದ ತಿರುವು, ಮಂಜು, ಎಲೆ ಬಿದ್ದು ಜಾರುವ ಟಾರು, ಎದುರಿನಿಂದ ಬರುವ ಮರದ ಲಾರಿ ಇವುಗಳ ನಡುವೆ ಹದಿಹರೆಯದ ಕೈಗೆ ಇರುವ ಅನುಭವ ಎಷ್ಟು?

ಕಾಡಿನ ಕಾನೂನೂ ಅಷ್ಟೇ ಸ್ಪಷ್ಟ. ಅನುಮತಿಯಿಲ್ಲದೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳನ್ನು ಪ್ರವೇಶಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಮೀಸಲು ಅರಣ್ಯದೊಳಗಿನ ಅತಿಕ್ರಮ ಪ್ರವೇಶ 1963ರ ಕರ್ನಾಟಕ ಅರಣ್ಯ ಕಾಯಿದೆಯಡಿ ಅಪರಾಧ. ತಯಾರಕರು ಕೊಟ್ಟ ಸೈಲೆನ್ಸರ್ ಕಿತ್ತು ಅಬ್ಬರದ ಕೊಳವೆ ಜೋಡಿಸುವುದೂ ನಿಷಿದ್ಧ. ‘ಗೇಟಿನಲ್ಲಿ ಯಾರೂ ಇಲ್ಲ, ನುಗ್ಗು’ ಎಂದು ತಂದೆ ಹೇಳಿದ ಕ್ಷಣದಲ್ಲಿ ಮಗು ಬೈಕು ಓಡಿಸುವುದಕ್ಕಿಂತ ದೊಡ್ಡದೊಂದನ್ನು ಕಲಿಯುತ್ತದೆ: ಕಾವಲಿಲ್ಲದ ವಸ್ತು ನಮ್ಮದು ಎಂಬುದನ್ನು. ನದಿ ಪಾತ್ರದ ಮರಳಿನಿಂದ ಗೋಮಾಳದವರೆಗೆ ಈ ನಾಡಿನ ಸಾರ್ವಜನಿಕ ಸಂಪತ್ತೆಲ್ಲ ಕರಗುತ್ತಿರುವುದು ಇದೇ ಪಾಠದಿಂದ.

ಬೆರಳನ್ನು ಹೊರಗಿನವರತ್ತ ಮಾತ್ರ ತೋರಿಸಿ ಸುಮ್ಮನಾಗುವುದು ಮಲೆನಾಡಿನವರಿಗೂ ಶೋಭೆಯಲ್ಲ. ಹೈಸ್ಕೂಲು ಹುಡುಗನ ಕೈಗೆ ಬೈಕು ಕೊಟ್ಟು ಪೇಟೆಗೆ ಕಳಿಸುವ ತಂದೆಗಳು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಇದರಲ್ಲಿ ಎರಡು ಬಗೆಯಿದೆ. ಆರೆಂಟು ಕಿಲೋಮೀಟರ್ ದೂರದ ಶಾಲೆಗೆ ಬಸ್ಸೇ ಇಲ್ಲದ ಕಾರಣ ಮಗು ಗಾಡಿ ಹತ್ತುವುದು ಒಂದು. ಅದು ಸರ್ಕಾರದ ಸೋಲು. 2023ರಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂತು, ಆದರೆ ಬಸ್ಸು ಬಾರದ ಊರಿನ ಹುಡುಗಿಗೆ ಅದರಿಂದ ದಕ್ಕಿದ್ದೇನು? ಈ ಪ್ರಶ್ನೆಯನ್ನು ಚಳವಳಿಗಳು ಎತ್ತಲೇಬೇಕು. ಇನ್ನೊಂದು ಬಗೆ, ಮಗ ಗಾಡಿ ಓಡಿಸುವುದನ್ನು ನೆಂಟರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುವುದು. ಅದಕ್ಕೆ ಸರ್ಕಾರವನ್ನು ದೂರಿ ಪ್ರಯೋಜನವಿಲ್ಲ.

ದೊಡ್ಡ ಕಳ್ಳರು, ಸಣ್ಣ ಜಾಡು

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಗುಡ್ಡ ಕಡಿದು ರೆಸಾರ್ಟ್ ಕಟ್ಟುವವರನ್ನು, ಸಾಲುಗಟ್ಟಿ ಬರುವ ಜೀಪುಗಳನ್ನು, ಹೆದ್ದಾರಿಗಾಗಿ ಘಟ್ಟ ಸೀಳುವವರನ್ನು ಬಿಟ್ಟು, ವಾರಕ್ಕೊಂದು ದಿನ ಮಗುವಿನೊಂದಿಗೆ ಬರುವ ಅಪ್ಪನ ಮೇಲೇಕೆ ಹರಿಹಾಯಬೇಕು? ಹಾನಿಯ ಪ್ರಮಾಣದಲ್ಲಿ ಈ ಮಾತು ಸರಿ. ಕುದುರೆಮುಖದ ಗಣಿ ಕಡಿದ ಗುಡ್ಡಕ್ಕೂ ಒಂದು ಬೈಕಿನ ಜಾಡಿಗೂ ಹೋಲಿಕೆಯಿಲ್ಲ. ಆದರೆ ಆ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಗೆ ನಿಂತದ್ದರ ಹಿಂದೆ, ಭದ್ರೆಗೆ ಸೇರುತ್ತಿದ್ದ ಹೂಳನ್ನು ಕಂಡು ಇದು ತಮಗೆ ಸಂಬಂಧಿಸಿದ್ದೆಂದು ತಿಳಿದ ಸಾಮಾನ್ಯ ಜನರಿದ್ದರು. ಅಂಥ ಜನ ಮುಂದೆಯೂ ಬೇಕಲ್ಲವೇ? ಅವರು ಬರಬೇಕಾದದ್ದು ಇಂದಿನ ಹದಿನಾಲ್ಕು, ಹದಿನಾರರ ಮಕ್ಕಳಿಂದಲೇ. ಗುಡ್ಡವೆಂದರೆ ಗಾಡಿಗೆ ಸವಾಲೊಡ್ಡುವ ಮೈದಾನವೆಂದು ಕಲಿತ ಮಗು ನಾಳೆ ಯಾವ ಗಣಿಯ ವಿರುದ್ಧ ನಿಂತೀತು? ರೆಸಾರ್ಟಿನ ಜೆಸಿಬಿ ಎಳೆಯುವ ಗೆರೆ ಅದರ ಕಣ್ಣಿಗೆ ತನ್ನದೇ ಗೆರೆಯ ದೊಡ್ಡ ರೂಪವಾಗಿ ಕಂಡರೆ ಅಚ್ಚರಿಯೇನು?

ಇನ್ನೊಂದು ಆಕ್ಷೇಪ ಸ್ವಾತಂತ್ರ್ಯದ್ದು. ಎಲ್ಲದಕ್ಕೂ ನಿರ್ಬಂಧ ಹಾಕಿದರೆ ಮಕ್ಕಳು ಮನೆಯಲ್ಲೇ ಕೊಳೆಯಬೇಕೇ? ಮಿತಿ ಎಂಬುದು ಪ್ರೀತಿಯ ವಿರೋಧಿಯೆಂಬ ಭ್ರಮೆ ಈ ಪ್ರಶ್ನೆಯ ಹಿಂದಿದೆ. 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಅದರಿಂದ ಆ ದಾರಿಯ ಸವಾರಿಯ ಸುಖ ಕಡಿಮೆಯಾಗಿಲ್ಲ, ಹಗಲಿನಲ್ಲಿ ಅಲ್ಲಿ ಆನೆ, ಜಿಂಕೆ ಕಂಡು ಎಂಜಿನ್ನಿನ ಸದ್ದು ತಗ್ಗಿಸುವುದೂ ಸವಾರಿಯ ಭಾಗವಾಗಿದೆ. 2025ರಲ್ಲಿ ಮುಳ್ಳಯ್ಯನಗಿರಿ ಭಾಗಕ್ಕೆ ಜಿಲ್ಲಾಡಳಿತ ಮುಂಗಡ ನೋಂದಣಿ ಮತ್ತು ವಾಹನಗಳ ಮಿತಿ ತಂದಾಗಲೂ ಗೊಣಗಾಟ ಕೇಳಿಬಂತು. ಬಾವಿಯ ನೀರಿಗೆ ಸರದಿ ನಿಲ್ಲುವುದನ್ನು ಯಾರೂ ದಾಸ್ಯವೆನ್ನುವುದಿಲ್ಲ. ಗುಡ್ಡದ ತಾಳಿಕೆಗೂ ಒಂದು ಅಳತೆ ಇದೆ.

ಹಾಗಾದರೆ ಕಲಿಸಬೇಕಾದದ್ದೇನು

ಕಲಿಸಲು ಬಹಳಷ್ಟಿದೆ. ಹದಿನೆಂಟರೊಳಗಿನ ಮಗು ಹಿಂಬದಿಯ ಸವಾರನಾಗಿಯೇ ಘಟ್ಟವನ್ನು ಓದಬಹುದು: ತಿರುವಿಗೆ ಮೊದಲು ವೇಗವೇಕೆ ತಗ್ಗಬೇಕು, ಮಂಜಿನಲ್ಲಿ ದೀಪ ಹೇಗಿರಬೇಕು, ಮಳೆಯ ಮೊದಲ ಅರ್ಧ ಗಂಟೆಯಲ್ಲಿ ಟಾರು ಏಕೆ ಹೆಚ್ಚು ಜಾರುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ನಿಧಾನವಾಗಿ ಇಳಿದವನಿಗೆ ತಿಳಿಯುವಷ್ಟನ್ನು ಹುಲ್ಲುಗುಡ್ಡದ ಮೇಲೆ ಗಾಡಿ ಹಾರಿಸಿದವನು ತಿಳಿಯಲಾರ. ಗಾಲಿಯ ಪಂಕ್ಚರ್ ಹಾಕುವುದು, ಬ್ರೇಕಿನ ಸವೆತ ಗುರುತಿಸುವುದು, ಚೈನು ಬಿಗಿಮಾಡುವುದು ಮನೆಯಂಗಳದ ಪಾಠಗಳು. ಅವಕ್ಕೆ ಪರವಾನಗಿ ಬೇಡ. ಜೂನ್ ತಿಂಗಳ ರಾತ್ರಿ ರಸ್ತೆ ದಾಟುವ ಕಪ್ಪೆಗಳಿಗಾಗಿ ಗಾಡಿ ನಿಲ್ಲಿಸುವ ತಂದೆ ಪ್ರಾಣಿಶಾಸ್ತ್ರದ ಒಂದು ಅಧ್ಯಾಯವನ್ನೇ ಬೋಧಿಸಿದಂತೆ. ಇಬ್ಬರ ತಲೆಯ ಮೇಲೂ ಐಎಸ್‌ಐ ಗುರುತಿನ ಹೆಲ್ಮೆಟ್ ಇರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಬಾರದು.

ಚಲಾಯಿಸಲೇಬೇಕೆಂಬ ಹಂಬಲವಿರುವ ಮಗುವಿಗೂ ದಾರಿಯಿದೆ. ಸಾರ್ವಜನಿಕ ಪ್ರವೇಶವಿಲ್ಲದ, ಬೇಲಿ ಹಾಕಿದ ಸಮತಟ್ಟಾದ ಖಾಸಗಿ ಅಂಗಳದಲ್ಲಿ, ಚಿಕ್ಕ ಗಾಡಿಯ ಮೇಲೆ, ಪೂರ್ಣ ರಕ್ಷಾಕವಚದೊಂದಿಗೆ, ಅನುಭವಿ ಹಿರಿಯರ ಎದುರಿನಲ್ಲಿ ಸಮತೋಲನ ಮತ್ತು ಬ್ರೇಕಿನ ಅಭ್ಯಾಸ ಮಾಡಿಸಬಹುದು. ಗುಡ್ಡದ ನೆತ್ತಿಗೆ ಹೋಗಬೇಕಾದರೆ ಗಾಡಿಯನ್ನು ರಸ್ತೆಯ ಕೊನೆಯಲ್ಲಿ ನಿಲ್ಲಿಸಿ, ಅನುಮತಿಯಿರುವ ಕಾಲುದಾರಿಯಲ್ಲಿ ನಡೆದು ಹೋಗಬೇಕು. ನಡೆಯುವ ತಂದೆಯ ಬೆನ್ನೂ ಮಗುವಿಗೆ ಪಾಠವೇ.

ಮೋಟಾರ್‌ಸೈಕಲ್ ಸಂಘಗಳು ತಮ್ಮ ಪ್ರವಾಸಗಳಲ್ಲಿ ರಸ್ತೆ ಬಿಡುವುದಿಲ್ಲವೆಂಬ ನಿಯಮವನ್ನು ಬರೆದು ಪ್ರಕಟಿಸಲಿ, ಅಪ್ರಾಪ್ತರು ಚಲಾಯಿಸಿ ಬಂದರೆ ಹಿಂದಕ್ಕೆ ಕಳಿಸಲಿ. ಗ್ರಾಮ ಪಂಚಾಯಿತಿಗಳು ರಸ್ತೆ ಮುಗಿಯುವ ಜಾಗದಲ್ಲಿ ಕಲ್ಲುಕಂಬ ನೆಟ್ಟು ಗಾಡಿ ನಿಲ್ಲಿಸುವ ಸ್ಥಳ ಗುರುತಿಸಲಿ. ಅರಣ್ಯ ಇಲಾಖೆ ಜಾಡು ಬಿದ್ದ ಇಳಿಜಾರುಗಳಿಗೆ ಮುಂದಿನ ಮುಂಗಾರಿಗೆ ಮೊದಲು ಅಡ್ಡ ತಡೆ ಹಾಕಲಿ. ಹೋಂಸ್ಟೇಗಳು ಅತಿಥಿಗಳಿಗೆ ಗುಡ್ಡದ ಗುಪ್ತ ದಾರಿ ತೋರಿಸುವ ಸೇವೆಯನ್ನು ಕೈಬಿಡಲಿ; ಆ ದಾರಿಯಲ್ಲಿ ಹರಿದುಬರುವ ಹೂಳು ಕೊನೆಗೆ ಸೇರುವುದು ಅವರದೇ ಕೆರೆಗೆ. ಬೆಳೆಗಾರರು ಹೊರಗಿನ ಗಾಡಿಗಳನ್ನು ತೋಟದೊಳಗೆ ಬಿಡುವ ಮುನ್ನ ಗಾಲಿಯ ಮಣ್ಣನ್ನು ನೋಡಲಿ. ಇವಾವುದಕ್ಕೂ ಹೊಸ ಕಾಯಿದೆ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ.

ಉಳಿದದ್ದು ತಂದೆತಾಯಿಗಳ ಪಾಲು. ಇನ್ನು ಕೆಲವೇ ವರ್ಷಗಳಲ್ಲಿ ಈ ಮಕ್ಕಳಿಗೆ ಹದಿನೆಂಟು ತುಂಬುತ್ತದೆ, ಪರವಾನಗಿ ಸಿಗುತ್ತದೆ, ತಮ್ಮದೇ ಗಾಡಿಯಲ್ಲಿ ಒಬ್ಬರೇ ಇದೇ ಘಟ್ಟ ಹತ್ತುತ್ತಾರೆ. ಆಗ ಪಕ್ಕದಲ್ಲಿ ಅಪ್ಪನಿರುವುದಿಲ್ಲ, ಗೇಟಿನಲ್ಲಿ ಕಾವಲುಗಾರನೂ ಇರಲಾರ. ಟಾರು ಮುಗಿಯುವಲ್ಲಿ ಎಂಜಿನ್ ನಿಲ್ಲಿಸಿ ಇಳಿಯುವ ಅಭ್ಯಾಸ ಅವರ ಕೈಗೆ ಬಂದಿರಬೇಕಾದರೆ ಅದನ್ನು ಈಗಲೇ ಕಲಿಸಬೇಕು.